ಬೆಳಕಿಗಲ್ಲ, ಶಾಖಕ್ಕೆ ಉರಿಸಿದ ಹದಿನಾಲ್ಕು ಬಲ್ಬುಗಳು

ಕೃಷ್ಣಗಿರಿಯ ವಿದ್ಯುತ್ ಮಿತವ್ಯಯ ಪರಿಶೀಲನಾಧಿಕಾರಿಗಳಿಗೆ,

ಮಾನ್ಯರೇ, ಕಳೆದ ಡಿಸೆಂಬರ್ ಮೊದಲ ವಾರದ ಮಂಗಳವಾರ ತಮ್ಮ ಸಿಬ್ಬಂದಿ ತಮಿಳುನಾಡಿನ ಗಡಿಯಲ್ಲಿ, ಜವಳಗಿರಿ ಪಕ್ಕದಲ್ಲಿರುವ ಕನ್ನಡ ಮಾತಿನ ನಮ್ಮ ಹಳ್ಳಿಗೆ ಬಂದರು. ನಮ್ಮ ಮನೆಯ ಹಿಂದಿನ ಕೋಣೆಗೆ ಬೂಟುಗಾಲಲ್ಲೇ ನುಗ್ಗಿ, ಉರಿಯುತ್ತಿದ್ದ ಹದಿನಾಲ್ಕು ಗುಂಡು ಬಲ್ಬುಗಳನ್ನು ಬಿಚ್ಚಿಕೊಂಡು ಹೋದರು. ಎರಡು ದಿನ ಬಿಟ್ಟು ನನ್ನ ಅತ್ತೆ ಗೋವಿಂದಮ್ಮ ಅದೇ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಈ ಎರಡು ಸಂಗತಿಗಳಿಗೆ ಪರಸ್ಪರ ಸಂಬಂಧವಿಲ್ಲವೆಂದು ತಮ್ಮ ಕಚೇರಿ ನನಗೆ ಒಂದೂವರೆ ಸಾಲಿನ ಉತ್ತರ ಕಳಿಸಿದೆ. ಅಷ್ಟು ಚಿಕ್ಕ ಉತ್ತರದಲ್ಲಿ ಅಷ್ಟು ದೊಡ್ಡ ಖಾತ್ರಿ ಹೇಗೆ ಹಿಡಿಸಿತು ಎಂಬುದು ನನ್ನ ಮೊದಲನೇ ಅನುಮಾನ. ಉಳಿದ ಅನುಮಾನಗಳನ್ನು ಎಲ್ಲರೂ ಓದಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ತಮಗೆ ಮೂರು ಸಲ ಖಾಸಗಿಯಾಗಿ ಬರೆದಾಯಿತು. ಖಾಸಗಿಯಾಗಿ ಬರೆದದ್ದು ತಮ್ಮ ಮೇಜಿನವರೆಗೆ ಬಂತೋ, ಮೆಟ್ಟಿಲಲ್ಲೇ ಉಳಿಯಿತೋ ತಿಳಿಯುವ ದಾರಿ ನನಗಿಲ್ಲ.

ನಾವು ರೇಷ್ಮೆಹುಳು ಸಾಕುವವರು. ಅದರಲ್ಲೂ ಚಾಕಿ ಸಾಕಣೆ ನಮ್ಮದು. ಅಂದರೆ ಮೊಟ್ಟೆಯೊಡೆದು ಬಂದ ಹುಳುವನ್ನು ಮೊದಲ ಎಂಟು ಹತ್ತು ದಿನ ನೋಡಿಕೊಂಡು, ಎರಡನೇ ಜ್ವರ ಮುಗಿಸಿ ಏಳಿಸಿ, ಆಮೇಲೆ ಊರಿನ ಏಳು ಮನೆಗಳಿಗೆ ಹಂಚುವುದು. ಹುಳು ಪೊರೆ ಕಳಚಲು ಮೇವು ಬಿಟ್ಟು ಅಲ್ಲಾಡದೆ ಕೂರುವುದನ್ನು ನಾವು ಜ್ವರ ಎನ್ನುತ್ತೇವೆ. ಮೊಟ್ಟೆಯಿಂದ ಬಂದ ದಿನ ಅವು ಕಪ್ಪು ದಾರವನ್ನು ಕತ್ತರಿಯಲ್ಲಿ ಕತ್ತರಿಸಿ ಉದುರಿಸಿದ ಚೂರುಗಳಂತಿರುತ್ತವೆ. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವಷ್ಟು ಹಗುರ. ಅವಕ್ಕೆ ಎಳೆಯ ಹಿಪ್ಪುನೇರಳೆ ಸೊಪ್ಪು ಬೇಕು, ಒದ್ದೆ ಗಾಳಿ ಬೇಕು, ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿ ಶಾಖ ಬೇಕು. ನಮ್ಮ ಕಡೆ ಚಳಿಗಾಲದಲ್ಲಿ, ಅದೂ ಸೈಕ್ಲೋನ್ ಜಡಿ ಹಿಡಿದರೆ, ಹಗಲು ಹನ್ನೆರಡಕ್ಕೂ ಕೋಣೆಯೊಳಗೆ ಹದಿನೆಂಟು ದಾಟುವುದಿಲ್ಲ. ಉಳಿದ ಒಂಬತ್ತು ಹತ್ತು ಡಿಗ್ರಿಯನ್ನು ನಾವೇ ಎಲ್ಲಿಂದಲಾದರೂ ತರಬೇಕು. ತಮ್ಮ ಇಲಾಖೆಯ ಯಾವ ಕರಪತ್ರದಲ್ಲೂ ಈ ಹತ್ತು ಡಿಗ್ರಿಯ ಪ್ರಸ್ತಾಪವಿಲ್ಲ. ನಾನು ಹುಡುಕಿ ನೋಡಿದ್ದೇನೆ.

ಮೊದಲು ನಾವು ಅದನ್ನು ಇದ್ದಿಲಿನಿಂದ ತರುತ್ತಿದ್ದೆವು. ಕೋಣೆಯ ಮೂಲೆಯಲ್ಲಿ ಇದ್ದಿಲ ಒಲೆ ಇಟ್ಟು, ಕಿಟಕಿಗೆ ಗೋಣಿತಾಟು ಬಿಗಿದು, ಬಾಗಿಲು ಮುಚ್ಚುತ್ತಿದ್ದೆವು. ಐದು ವರ್ಷದ ಹಿಂದೆ ಒಂದು ಬೆಳಗ್ಗೆ ಸೊಪ್ಪು ಹಾಕಲು ಒಳಗೆ ಹೋದ ನಾನು ಅರ್ಧ ತಟ್ಟೆ ಮುಗಿಸುವಷ್ಟರಲ್ಲಿ ತಲೆ ಭಾರವಾಗಿ ಕೂತುಬಿಟ್ಟೆ. ಹೊಗೆ ಇರಲಿಲ್ಲ, ವಾಸನೆ ಇರಲಿಲ್ಲ. ನಿದ್ದೆ ಬರುವ ಹಾಗೆ ಆಯಿತು, ಅಷ್ಟೇ. ತಂಗಳು ತಿನ್ನಲು ಬಾರೆಂದು ಕರೆಯಲು ಬಂದ ಅತ್ತೆ ನನ್ನನ್ನು ಜಡೆ ಹಿಡಿದು ಹೊರಗೆ ಎಳೆದರು. ಅವರ ಕೈಗೆ ಸಿಕ್ಕಿದ್ದು ಜಡೆಯೇ. ಅಂಗಳದಲ್ಲಿ ಕಣ್ಣು ಬಿಟ್ಟಾಗ ಅವರು ನನ್ನ ಕೆನ್ನೆಗೆ ಹೊಡೆಯುತ್ತಾ, "ಏಳಮ್ಮಿ, ಏಳು, ನಂಗೆ ನೀನ್ ಬೇಕು, ಹುಳ ಹಾಳಾಗ್ ಹೋಗ್ಲಿ" ಎನ್ನುತ್ತಿದ್ದರು. ಆ ದಿನವೇ ಇದ್ದಿಲ ಒಲೆಯನ್ನು ಅಟ್ಟಕ್ಕೆ ಹಾಕಿದೆವು.

ಬಲ್ಬಿನ ಯೋಚನೆ ನನ್ನ ಗಂಡ ಹರಿಕೃಷ್ಣ ಅವರದ್ದು. ಅವರು ಹೊಸೂರಿನ ಮೂಕಂಡಪಲ್ಲಿ ಕಡೆಯ ಒಂದು ಕಾರ್ಖಾನೆಯಲ್ಲಿ ಬಣ್ಣ ಒಣಗಿಸುವ ವಿಭಾಗದಲ್ಲಿದ್ದಾರೆ. ಅಲ್ಲಿ ದೀಪಗಳನ್ನು ಸಾಲಾಗಿ ಉರಿಸಿ ಬಣ್ಣ ಒಣಗಿಸುತ್ತಾರಂತೆ. "ಅಲ್ಲಿ ಯಾರಿಗೂ ಬೆಳಕು ಬೇಕಿಲ್ಲ ಕಣೆ, ಹೀಟಿಗೇ ಲೈಟ್ ಹಾಕೋದು. ಹಳೇ ಗುಂಡು ಬಲ್ಬು ತಿನ್ನೋ ಕರೆಂಟೆಲ್ಲ ಶಾಖವಾಗೇ ಹೋಗ್ತದೆ. ಬೆಳಕು ಅನ್ನೋದು ಸುಮ್ನೆ ನೆಪ" ಎಂದರು. ತಮ್ಮ ಇಲಾಖೆ ಯಾವ ಕಾರಣಕ್ಕೆ ಆ ಬಲ್ಬನ್ನು ಕೆಟ್ಟದ್ದು ಎನ್ನುತ್ತದೋ, ಅದೇ ಕಾರಣಕ್ಕೆ ಅದು ನಮಗೆ ಒಳ್ಳೆಯದಾಯಿತು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಹುಡುಕಲು ಹೋದರೆ ಬಲ್ಬೇ ಇಲ್ಲ. ಹತ್ತಿರದ ತಳಿ ಊರಿನ ದಾಸಪ್ಪನವರ ಎಲೆಕ್ಟ್ರಿಕ್ ಅಂಗಡಿಯಲ್ಲಿ ನಡೆದ ಮಾತು ನನಗೆ ಇನ್ನೂ ನೆನಪಿದೆ. ಅವರು ಒಂದು ಬಿಳಿ ಡಬ್ಬಿ ತೆಗೆದಿಟ್ಟು, "ಇದ್ ತಗೊಳ್ಳಮ್ಮ, ಎಲ್‌ಇಡಿ. ಇಡೀ ದಿನ ಉರುದ್ರೂ ಕೈಯಲ್ ಹಿಡ್ಕೋಬೋದು" ಎಂದರು.

"ಕೈಯಲ್ ಹಿಡ್ಕೊಳ್ಳೋಕಾಗ್ದೇ ಇರೋದು ಕೊಡಿ ದಾಸಪ್ಪಣ್ಣ. ಅದೇ ಬೇಕು ನಂಗೆ."

"ಎಲ್ರೂ ಬಿಸಿ ಆಗ್ಬಾರ್ದು ಅಂತಾರೆ. ನೀನೊಬ್ಳು ಬಿಸಿ ಆಗೋದು ಕೇಳ್ತೀಯಲ್ಲ, ಕಾವು ಕೂರುಸ್ತೀಯಾ?"

"ಹಂಗೇ ಅನ್ಕೊಳ್ಳಿ."

ಅವರು ನಗುತ್ತಾ ಒಳಗೆ ಹೋಗಿ ಧೂಳು ಹಿಡಿದ ರಟ್ಟಿನ ಪೆಟ್ಟಿಗೆ ತಂದರು. ಅದರಲ್ಲಿ ನೂರರದ್ದು, ಅರವತ್ತರದ್ದು, ನಲವತ್ತರದ್ದು ಎಲ್ಲ ಬೆರೆತಿದ್ದವು. ಮನೆಗೆ ತಂದು ಒಂದು ತಿಂಗಳು ಪರೀಕ್ಷೆ ಮಾಡಿದೆ. ನೂರು ವಾಟ್‌ನದು ಹತ್ತಿರದ ತಟ್ಟೆಯ ಸೊಪ್ಪನ್ನು ಹಪ್ಪಳದಂತೆ ಒಣಗಿಸಿತು. ನಲವತ್ತರದ್ದು ಎಷ್ಟು ಇಟ್ಟರೂ ಮಳೆದಿನಕ್ಕೆ ಸಾಲಲಿಲ್ಲ. ಅರವತ್ತರದ್ದೇ ನಮ್ಮ ಕೋಣೆಗೆ ಸರಿ ಎಂದು ಗೊತ್ತಾಯಿತು. ಚಳಿ ಹೆಚ್ಚಿದರೆ ಹದಿನಾಲ್ಕನ್ನೂ ಹಾಕುವುದು, ಬಿಸಿಲು ಬಂದರೆ ಒಂದೊಂದಾಗಿ ಆರಿಸುತ್ತಾ ಬರುವುದು. ಹೀಟರ್ ಯಾಕೆ ಇಡಲಿಲ್ಲ ಎಂದು, ನಾನು ತಮ್ಮ ಕಚೇರಿಗೆ ಬಂದ ದಿನ ತಾವು ಕೇಳಿದಿರಿ. ಇಟ್ಟು ನೋಡಿದ್ದೆವು. ಅದು ಎದುರಿಗಿದ್ದ ಹುಳುವನ್ನು ಬಾಡಿಸುತ್ತದೆ, ಮೂಲೆಯ ಹುಳುವನ್ನು ನಡುಗಿಸುತ್ತದೆ, ವೋಲ್ಟೇಜ್ ಇಳಿದರೆ ಮುನಿಸಿಕೊಂಡು ಕೂರುತ್ತದೆ. ಶಾಖ ಕೋಣೆಯ ಎಲ್ಲ ಕಡೆಗೂ ಸಮನಾಗಿ ಹಂಚಿಹೋಗಬೇಕು. ಹದಿನಾಲ್ಕು ಕಡೆ ಹದಿನಾಲ್ಕು ಚಿಕ್ಕ ಕಾವು ಇಟ್ಟರೆ ಆ ಕೆಲಸ ಆಗುತ್ತದೆ.

ಇನ್ನು ಮಡಕೆಯ ವಿಷಯ. ತಮ್ಮ ಸಿಬ್ಬಂದಿಯ ವರದಿಯಲ್ಲಿ 'ದೀಪಗಳನ್ನು ಮಡಕೆಗಳೊಳಗೆ ಮರೆಮಾಚಿ ಉರಿಸಲಾಗುತ್ತಿತ್ತು' ಎಂದಿದೆ. ಮರೆಮಾಚಿ ಎಂಬ ಪದವನ್ನು ಬರೆದವರು ಎಷ್ಟು ಸಂತೋಷಪಟ್ಟರೋ! ಸ್ವಾಮಿ, ಹುಳು ಜ್ವರಕ್ಕೆ ಕೂತಾಗ ಬೆಳಕು ಅವುಗಳ ಮೇಲೆ ಬೀಳಬಾರದು. ಆದ್ದರಿಂದ ಮೂರು ಕಲ್ಲಿನ ಮೇಲೆ ಮಡಕೆ ಬೋರಲಿಟ್ಟು, ಅದರೊಳಗೆ ಬಲ್ಬು ಉರಿಸಿ, ಮಡಕೆಯ ಮೇಲೆ ನೀರಿನ ಬಟ್ಟಲಿಡುತ್ತೇವೆ. ಬೆಳಕು ಒಳಗೇ ಉಳಿಯುತ್ತದೆ, ಶಾಖ ಹೊರಗೆ ಬರುತ್ತದೆ, ನೀರು ಆವಿಯಾಗಿ ಗಾಳಿ ಒದ್ದೆಯಾಗುತ್ತದೆ. ಬೆಳಕನ್ನು ಬೇಡವೆಂದು ಮುಚ್ಚಿಟ್ಟವರನ್ನು 'ಹೆಚ್ಚುವರಿ ಬೆಳಕಿನ ದುರ್ಬಳಕೆ' ಎಂಬ ತಪ್ಪಿನಡಿ ಹಿಡಿಯುವುದು ಹೇಗೆ ಸಾಧ್ಯವಾಯಿತು? ನಮ್ಮ ಇಡೀ ಕೋಣೆಯಲ್ಲಿ ಅಂದು ಇಲ್ಲದಿದ್ದ ಒಂದೇ ವಸ್ತು ಬೆಳಕು.

ಆ ಮಂಗಳವಾರ ಬೆಳಗ್ಗೆ ನಾನು ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಜೀಪಿನ ಸದ್ದು ಕೇಳಿ ಹೊರೆ ಕಟ್ಟಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಸ್ತಿಲಲ್ಲಿ ನಾವು ಹಾಕಿದ್ದ ಸುಣ್ಣದ ಪುಡಿಯ ಮೇಲೆ ಬೂಟಿನ ಗುರುತುಗಳಿದ್ದವು. ಕಾಲು ತೊಳೆಯದೆ ಕೈ ತೊಳೆಯದೆ ನಾವೇ ಆ ಕೋಣೆಗೆ ಹೋಗುವುದಿಲ್ಲ. ತಂಡದ ಮುಖ್ಯಸ್ಥರೆಂದು ಹೇಳಿಕೊಂಡವರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ, "ಏನಮ್ಮ, ಜನ್ನಲೆಲ್ಲ ಮುಚ್ಚಿ, ಮಡಕೆ ಒಳಗೆ ಲೈಟ್ ಇಟ್ಟು, ಬೇರೆ ಏನೋ ಬೆಳೆಸ್ತಾ ಇದೀರಾ?" ಎಂದು ಕೇಳಿದರು. ಜನ್ನಲ್ ಎಂದರೆ ಕಿಟಕಿ. ಬೇರೆ ಏನೋ ಎಂದರೆ ಗಾಂಜಾ ಎಂದು ಅವರ ಜೊತೆಗಿದ್ದವರ ನಗು ಹೇಳಿತು. ನಾನು ತಟ್ಟೆಯ ಮೇಲಿನ ಕಾಗದ ಸರಿಸಿ ಹುಳು ತೋರಿಸಿದೆ. ಅವರು ಬಗ್ಗಿ ನೋಡಿ, "ಇದು ಪುಳುವಾ, ದೂಳಾ?" ಎಂದು ನನ್ನನ್ನೇ ಕೇಳಿದರು. ಆಮೇಲೆ ಎಂಟು ಎಲ್‌ಇಡಿ ಬಲ್ಬು ಕೊಟ್ಟು, ಅತ್ತೆಯವರನ್ನು ನಿಲ್ಲಿಸಿ ಫೋಟೋ ಹಿಡಿದು, 'ತಂಪು ಬೆಳಕು' ಯೋಜನೆಯಲ್ಲಿ ನಮ್ಮ ಮನೆ ಸೇರಿತೆಂದು ಅಭಿನಂದಿಸಿ ಹೊರಟರು.

ಅವರು ಬಿಟ್ಟುಹೋದ ತಮಿಳು ನಮೂನೆಯ ಪ್ರತಿಯನ್ನು ನಾನು ಓದಿದೆ. ನಾನು ಕನ್ನಡ ಶಾಲೆಯಲ್ಲಿ ಓದಿದವಳಾದರೂ ತಮಿಳು ಓದಲು ಬರುತ್ತದೆ. ನನಗೆ ಬರುತ್ತದೆಂದು ಅವರಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ. ಅದರಲ್ಲಿ ಗೋವಿಂದಮ್ಮ ಎಂಬವರು ಎಂಟು ಹಳೆಯ ಬಲ್ಬುಗಳನ್ನು ಸ್ವಂತ ಇಚ್ಛೆಯಿಂದ ಒಪ್ಪಿಸಿ ಎಂಟು ಹೊಸವನ್ನು ಪಡೆದರು ಎಂದಿತ್ತು, ಕೆಳಗೆ ಅತ್ತೆಯವರ ಹೆಬ್ಬೆಟ್ಟು. ಹದಿನಾಲ್ಕು ಹೋಗಿ ಎಂಟು ದಾಖಲಾದರೆ ಆರು ಎಲ್ಲಿ? ಬಂದದ್ದು ಮಂಗಳವಾರ, ನಮೂನೆಯ ಮೇಲಿನ ತಾರೀಕು ಭಾನುವಾರದ್ದು. ನಮ್ಮ ಮನೆಯ ಹೊಸ್ತಿಲು ದಾಟುವ ಎರಡು ದಿನ ಮೊದಲೇ ನಮ್ಮ ಇಚ್ಛೆ ತಮ್ಮ ಕಚೇರಿಗೆ ತಿಳಿದದ್ದು ಹೇಗೆ? ನಾನು ಯಾರ ಮೇಲೂ ಆರೋಪ ಹೊರಿಸುತ್ತಿಲ್ಲ. ಅನುಮಾನಪಡುತ್ತಿದ್ದೇನೆ, ಅಷ್ಟೇ. ಕಿಟಕಿ ಮುಚ್ಚಿದ ಕೋಣೆ ಕಂಡರೆ ಒಳಗೇನೋ ನಡೆಯುತ್ತಿದೆ ಎಂದು ಅನುಮಾನಿಸಬಹುದೆಂದು ತಮ್ಮ ಸಿಬ್ಬಂದಿಯೇ ತೋರಿಸಿಕೊಟ್ಟಿದ್ದಾರೆ. ತಮ್ಮ ಕಚೇರಿಯ ಕಿಟಕಿಗಳೂ ಸದಾ ಮುಚ್ಚಿಯೇ ಇರುತ್ತವೆ.

ಅತ್ತೆ ಆ ದಿನವೆಲ್ಲ ಮಂಕಾಗಿ ಕೂತಿದ್ದರು. "ಸೀಮೆಗಿಲ್ದಿರೋ ಕೆಲ್ಸ ಮಾಡ್ಬುಟ್ಟೆ ಕಣಮ್ಮಿ. ಸರ್ಕಾರದೋರು ಒತ್ತು ಅಂದ್ರು, ಒತ್ಬುಟ್ಟೆ. ಒಂದ್ ಮಾತು ನಿನ್ನ ಕೇಳ್ಬೇಕಾಗಿತ್ತು" ಎಂದರು. ನಾನು ಪರವಾಗಿಲ್ಲ ಅತ್ತೆ ಎಂದೆ. ಆದರೆ ಅದನ್ನು ಹೇಳುವಾಗ ನನ್ನ ಮುಖ ಹೇಗಿತ್ತೋ ಗೊತ್ತಿಲ್ಲ. ಆ ಮುಖವನ್ನು ಅವರು ನೋಡಿದ್ದರೆಂಬುದು ಈಗ ನನಗೆ ಚುಚ್ಚುತ್ತದೆ.

ಎಂಟು ಎಲ್‌ಇಡಿಗಳನ್ನೂ ಹಾಕಿ ನೋಡಿದೆ. ಕೋಣೆ ಮದುವೆ ಛತ್ರದಂತೆ ಬೆಳಗಿತು. ಥರ್ಮಾಮೀಟರ್ ಹತ್ತೊಂಬತ್ತರಿಂದ ಅಲ್ಲಾಡಲಿಲ್ಲ. ಹುಳುಗಳು ಮೇವು ಬಿಟ್ಟು ತಲೆ ಬಗ್ಗಿಸಿ ಕೂತಿದ್ದವು. ಕೆಲವು ಜ್ವರಕ್ಕೆ ಹೋಗಿದ್ದವು, ಕೆಲವು ಹೋಗಿರಲಿಲ್ಲ. ಚಾಕಿಯಲ್ಲಿ ಹೀಗೆ ಏರುಪೇರಾದರೆ ಮುಂದೆ ಗೂಡಿನವರೆಗೂ ಅದು ಸರಿಯಾಗುವುದಿಲ್ಲ. ತಾವು ಕೊಟ್ಟ ಬೆಳಕಿನಲ್ಲಿ ಅವು ಸೊರಗುವುದು ಬಹಳ ಚೆನ್ನಾಗಿ ಕಾಣುತ್ತಿತ್ತು. ದಾಸಪ್ಪನವರಿಗೆ ಫೋನು ಮಾಡಿದೆ, ಒಂದೂ ಉಳಿದಿಲ್ಲ ಎಂದರು. ಗುರುವಾರ ಬೆಳಗ್ಗೆ ನಾನು ಮೊದಲ ಬಸ್ಸಿಗೆ ಹೊರಟೆ. ಹೊರಡುವಾಗ ಅತ್ತೆ, "ಬೇಗ ಬತ್ತೀಯೇನಮ್ಮಿ?" ಎಂದರು. "ಮಧ್ಯಾಹ್ನದೊಳ್ಗೆ ಬತ್ತೀನಿ ಅತ್ತೆ, ಬಲ್ಬು ಇಸ್ಕೊಂಡೇ ಬತ್ತೀನಿ" ಎಂದೆ.

ಕೃಷ್ಣಗಿರಿ ತಲುಪಿ ಹತ್ತಕ್ಕೆ ಮುಂಚೆಯೇ ತಮ್ಮ ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತಿದ್ದೆ. ಬಾಗಿಲಲ್ಲಿದ್ದವರು, "ಐಯಾ ಮೀಟಿಂಗ್‌ಲ ಇರುಕ್ಕಾರು" ಎಂದರು. ಹನ್ನೊಂದಕ್ಕೂ ಅದೇ ಮೀಟಿಂಗು, ಹನ್ನೆರಡಕ್ಕೂ ಅದೇ. ನಿಂತು ನಿಂತು ಕಾಲು ಸೋತು ಎದುರಿನ ಟೀ ಅಂಗಡಿಗೆ ಹೋದೆ. ಆ ಅಂಗಡಿ ಶ್ಯಾಮಲಮ್ಮ ಎಂಬ ಹೆಂಗಸಿನದು. ಗಾಜಿನ ಪೆಟ್ಟಿಗೆಯಲ್ಲಿ ಪಫ್ಸು, ಸಮೋಸಾ ಇಟ್ಟಿದ್ದರು. ಪೆಟ್ಟಿಗೆಯ ಮೇಲ್ಗಡೆ ಎರಡು ಗುಂಡು ಬಲ್ಬು ಉರಿಯುತ್ತಿದ್ದವು. ಒಂದರ ಹಿತ್ತಾಳೆ ಬುಡದಲ್ಲಿ ಗುಲಾಬಿ ಬಣ್ಣದ ಗುರುತು ಕಂಡಿತು. ನಾನು ಪ್ರತಿ ಬಲ್ಬಿನ ಬುಡಕ್ಕೂ ನೈಲ್ ಪಾಲಿಶಿನಲ್ಲಿ ನಂಬರ್ ಬರೆದಿಡುತ್ತೇನೆ, ಯಾವುದು ಎಷ್ಟು ದಿನ ಬಾಳಿತೆಂದು ತಿಳಿಯಲು. ಬಗ್ಗಿ ನೋಡಿದರೆ ಕನ್ನಡದ ಒಂಬತ್ತು. ಇನ್ನೊಂದರಲ್ಲಿ ಹನ್ನೆರಡು. ಕೃಷ್ಣಗಿರಿಯ ಟೀ ಅಂಗಡಿಯ ಬಲ್ಬಿಗೆ ಕನ್ನಡ ಅಂಕಿಯನ್ನು ಇನ್ಯಾರು ಗುಲಾಬಿ ನೈಲ್ ಪಾಲಿಶಿನಲ್ಲಿ ಬರೆಯುತ್ತಾರೆ, ತಾವೇ ಹೇಳಿ.

"ಈ ಬಲ್ಬು ಎಲ್ಲಿಂದ ತಂದ್ರಮ್ಮಾ?" ಎಂದು ಕೇಳಿದೆ.

ಶ್ಯಾಮಲಮ್ಮ ಸರಾಗವಾಗಿ ಕನ್ನಡದಲ್ಲೇ ಹೇಳಿದರು. "ಎದ್ರು ಆಫೀಸಿನ ಜೀಪಿನೋರು ನಿನ್ನೆ ತಂದ್ಕೊಟ್ರು. ಈ ಬಲ್ಬು ಈಗ ಎಲ್ಲಿ ಸಿಗ್ತವೆ ಹೇಳಿ? ಎಲ್‌ಇಡಿ ಹಾಕುದ್ರೆ ಪಫ್ಸು ತಣ್ಗಾಗೋಗ್ತವೆ. ಸಾಹೇಬ್ರಿಗೆ ಬಿಸಿ ಇಲ್ದಿದ್ರೆ ವಾಪಸ್ ಕಳಿಸ್ಬುಡ್ತಾರೆ."

ನಾನು ವಿಷಯ ಹೇಳಿದಾಗ ಆ ತಾಯಿ ಹೆದರಿ ಸ್ವಿಚ್ಚಿಗೆ ಕೈಹಾಕಿದರು. "ನಂಗೆ ಗೊತ್ತಿರ್ಲಿಲ್ಲಮ್ಮ, ತಗೊಂಡೋಗಿ, ತಗೊಂಡೋಗಿ" ಎಂದರು. ನಾನು ತೆಗೆದುಕೊಳ್ಳಲಿಲ್ಲ. ಮೊದಲು ತಮಗೆ ತೋರಿಸೋಣ, ತಾವೇ ಕೊಡಿಸುತ್ತೀರಿ ಎಂದುಕೊಂಡೆ. ನಂಬಿಕೆ ಎಂಬುದು ನನ್ನಲ್ಲಿ ಅಂದು ಮಧ್ಯಾಹ್ನದವರೆಗೂ ಉಳಿದಿತ್ತು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಶ್ಯಾಮಲಮ್ಮನವರಿಗೆ ಈ ಪತ್ರದಿಂದ ಏನಾದರೂ ತೊಂದರೆಯಾದರೆ ಅದು ಎಲ್ಲಿಂದ ಬಂತೆಂದು ಓದಿದ ಎಲ್ಲರಿಗೂ ಗೊತ್ತಾಗುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಒಂದು ಗಂಟೆಗೆ ನನ್ನನ್ನು ಒಳಗೆ ಬಿಟ್ಟರು. ತಾವು ಸೌಜನ್ಯದಿಂದಲೇ ಮಾತಾಡಿದಿರಿ, ಅದನ್ನು ಮರೆಮಾಚುವುದಿಲ್ಲ. "ಹೊಸ ಬಲ್ಬು ಹಳೆಯದಕ್ಕಿಂತ ಜಾಸ್ತಿ ಬೆಳಕು ಕೊಡುತ್ತೆ, ಖುಷಿಪಡಬೇಕು ನೀವು" ಎಂದಿರಿ. "ಸ್ವಾಮಿ, ನಮಗೆ ಬೆಳಕು ಬೇಡ, ಶಾಖ ಬೇಕು" ಎಂದೆ. "ಬಲ್ಬು ಇರೋದು ಬೆಳಕಿಗೆ. ಶಾಖಕ್ಕೆ ಬಲ್ಬು ಉರಿಸಿದರೆ ಅದು ದುರ್ಬಳಕೆಯೇ" ಎಂದಿರಿ. ತಮ್ಮ ಮೇಜಿನ ಮೇಲೆ ತಟ್ಟೆಯಲ್ಲಿ ಪಫ್ಸು ಇತ್ತು. ಅದು ಯಾವುದರಿಂದ ಬಿಸಿಯಾಗಿದೆ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆಯುವಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. ಅಧಿಕಾರಿಗಳ ಎದುರು ಫೋನು ತೆಗೆಯುವುದು ಮರ್ಯಾದೆಯಲ್ಲವೆಂದು ನಾನು ಅದನ್ನು ಕಟ್ ಮಾಡಿದೆ. ಮತ್ತೆ ಬಡಿಯಿತು. ಮೂರನೇ ಸಲಕ್ಕೆ ತೆಗೆದೆ.

ಪಕ್ಕದ ಮನೆಯ ಪವಿತ್ರ ಕಿರುಚುತ್ತಿದ್ದಳು. "ಅಕ್ಕಾ, ಎಲ್ಲಿದೀಯಾ? ಬಿರ್ನೆ ಬಾರಕ್ಕ. ನಿಮ್ಮತ್ತೆ ಹುಳದ್ ಮನೇಲಿ ಬಿದ್ದೋಗವ್ರೆ. ಕರುದ್ರೆ ಮಾತಾಡ್ತಾ ಇಲ್ಲ."

ನಾನು ಕೃಷ್ಣಗಿರಿಗೆ ಹೊರಟ ಮೇಲೆ ಅತ್ತೆ ಅಟ್ಟದಿಂದ ಇದ್ದಿಲ ಒಲೆ ಇಳಿಸಿದ್ದರು. ಪವಿತ್ರಳ ಹತ್ತಿರ, "ನನ್ ಬೆರಳಿಂದ ಆಗಿರೋದು, ನಾನೇ ನೋಡ್ಕೊತೀನಿ. ಅವ್ಳು ಬರಾಗಂಟ ಹುಳ ಉಳೀಲಿ. ಬಾಗ್ಲು ಅರ್ಧ ತೆಗ್ದಿರ್ತೀನಿ, ಏನೂ ಆಗಕ್ಕಿಲ್ಲ" ಎಂದಿದ್ದರಂತೆ. ಅರ್ಧ ತೆಗೆದ ಬಾಗಿಲಿನಿಂದ ಜಡಿಮಳೆಯ ಗಾಳಿ ನುಗ್ಗಿತು. ಹುಳುಗಳಿಗೆ ಚಳಿಯಾದೀತೆಂದು ಅವರೇ ಒಳಗಿನಿಂದ ಬಾಗಿಲು ಮುಚ್ಚಿರಬೇಕು. ಹನ್ನೊಂದರ ಸೊಪ್ಪು ಹಾಕಲು ಒಳಗೆ ಹೋದವರು ಹೊರಗೆ ಬರಲಿಲ್ಲ. ಒಂದು ಗಂಟೆಯ ಹೊತ್ತಿಗೆ ಪವಿತ್ರ ಬಾಗಿಲು ತಳ್ಳಿದಾಗ ಅವರು ತಟ್ಟೆಗಳ ಸ್ಟ್ಯಾಂಡಿಗೆ ಒರಗಿ ಕೂತಿದ್ದರು, ಮಡಿಲಲ್ಲಿ ಹೆಚ್ಚಿದ ಸೊಪ್ಪು. ಎರಡು ಮನೆಯವರು ಸೇರಿ ಎತ್ತಿ, ಟೊಮೆಟೊ ಸಾಗಿಸುವ ಗಾಡಿಯಲ್ಲಿ ಮಲಗಿಸಿಕೊಂಡು ಹೊರಟರು. ಕಾಡಿನ ತಿರುವಿನಲ್ಲಿ ಆನೆ ದಾಟುತ್ತಿತ್ತೆಂದು ಕಾಲು ಗಂಟೆ ನಿಂತರಂತೆ. ಆ ಕಾಲು ಗಂಟೆಯನ್ನು ನಾನು ತಮ್ಮ ಲೆಕ್ಕಕ್ಕೆ ಹಾಕುವುದಿಲ್ಲ. ಆನೆ ತನ್ನ ದಾರಿಯಲ್ಲಿ ಹೋಗುತ್ತಿತ್ತು. ತಮ್ಮ ಬಾಗಿಲಲ್ಲಿ ನಿಂತ ಮೂರು ಗಂಟೆಯನ್ನು ಮಾತ್ರ ತಮ್ಮ ಲೆಕ್ಕಕ್ಕೆ ಹಾಕುತ್ತೇನೆ.

ನಾನು ಬಸ್ಸಿನಲ್ಲಿ ನೇರ ಹೊಸೂರಿಗೆ ಬಂದೆ. ಹರಿಕೃಷ್ಣ ಕಾರ್ಖಾನೆಯ ನೀಲಿ ಅಂಗಿಯಲ್ಲೇ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತಿದ್ದರು. "ಆಕ್ಸಿಜನ್ ಕೊಟ್ಟವ್ರೆ. ಕಣ್ಣು ಬಿಟ್ಟಿಲ್ಲ" ಎಂದಷ್ಟೇ ಹೇಳಿ ಗೋಡೆಗೆ ತಿರುಗಿಕೊಂಡರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವರು ಅಳುವುದನ್ನು ನಾನು ನೋಡಿರಲಿಲ್ಲ, ಅಂದೂ ನೋಡಲು ಬಿಡಲಿಲ್ಲ. ಅತ್ತೆ ಮರುದಿನ ಕಣ್ಣು ಬಿಟ್ಟರು. ಆರನೇ ದಿನ ಮನೆಗೆ ಕರೆದುಕೊಂಡು ಬಂದೆವು. ಎಲ್ಲ ಸರಿಹೋಯಿತು ಎಂದುಕೊಂಡೆವು. ಇಂಥ ವಿಷಗಾಳಿ ಕೆಲವೊಮ್ಮೆ ಎರಡು ಮೂರು ವಾರದ ನಂತರ ತಲೆಗೆ ತೊಂದರೆ ಕೊಡುತ್ತದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಹಾಗೇ ಆಯಿತು. ಈಗ ಅವರು ಕಾಫಿಗೆ ಉಪ್ಪು ಹಾಕುತ್ತಾರೆ. ನಡೆಯುವಾಗ ಕಾಲು ಎತ್ತಿಡದೆ ಎಳೆಯುತ್ತಾರೆ. ನನ್ನನ್ನು ಒಮ್ಮೊಮ್ಮೆ ನರಸಮ್ಮ ಎಂದು ಕರೆಯುತ್ತಾರೆ, ಅದು ತೀರಿಕೊಂಡ ಅವರ ತಂಗಿಯ ಹೆಸರು. ಸೊಪ್ಪನ್ನು ಕೂದಲಿನಷ್ಟು ಸಣ್ಣಗೆ ಹೆಚ್ಚುವುದರಲ್ಲಿ ಊರಿಗೇ ಮೊದಲಿದ್ದವರು, ಈಗ ಕತ್ತಿ ಹಿಡಿದು ಏನು ಮಾಡಬೇಕೆಂದು ತೋಚದೆ ನನ್ನ ಮುಖ ನೋಡುತ್ತಾರೆ. ವರ್ಷದೊಳಗೆ ಸುಧಾರಿಸಬಹುದು ಎಂದು ಡಾಕ್ಟರು ಹೇಳುತ್ತಾರೆ. ಸುಧಾರಿಸದೆಯೂ ಇರಬಹುದು ಎಂದೂ ಹೇಳುತ್ತಾರೆ.

ಹುಳುಗಳಲ್ಲಿ ಎರಡು ತಟ್ಟೆ ಉಳಿದವು. ಮಿಕ್ಕಿದ್ದನ್ನು ತಿಪ್ಪೆಗೆ ಸುರಿದೆ. ಏಳು ಮನೆಯವರಿಗೂ ಆ ಸಲ ಬೆಳೆಯಿಲ್ಲ. ಒಬ್ಬರೂ ಬಂದು ಒಂದು ಮಾತು ಆಡಲಿಲ್ಲ. ಬದಲಿಗೆ ಬೇರೆ ಒಂದು ಕೆಲಸ ಮಾಡಿದರು. ಸಂಕ್ರಾಂತಿಯ ಮುಂಚಿನ ವಾರ ಒಬ್ಬೊಬ್ಬರೇ ಮನೆಗೆ ಬರತೊಡಗಿದರು. ಒಬ್ಬಾಕೆ ಸೆರಗಿನೊಳಗಿಂದ ಒಂದು ಬಲ್ಬು ತೆಗೆದಳು, ಬಚ್ಚಲುಮನೆಯದು. ಇನ್ನೊಬ್ಬರು ರಾಗಿ ತುಂಬಿದ ಡ್ರಮ್ಮಿನೊಳಗೆ ತಮ್ಮ ಸಿಬ್ಬಂದಿಯ ಕಣ್ಣಿಗೆ ಬೀಳದಂತೆ ಹೂತಿಟ್ಟಿದ್ದ ಎರಡನ್ನು ತಂದರು. ಹಸುವಿನ ಕೊಟ್ಟಿಗೆಯದು, ಹಳೆಯ ಪೂಜಾಕೋಣೆಯದು, ತವರಿಗೆ ಹೋಗಿ ಕೇಳಿ ತಂದದ್ದು. ಒಟ್ಟು ಹನ್ನೊಂದು. ತಂದವರ ಹೆಸರನ್ನು ಬರೆಯುವುದಿಲ್ಲ. ತಾವು ಕೇಳಿದರೂ ಹೇಳುವುದಿಲ್ಲ. ಊರಿನವರು ಬಲ್ಬನ್ನು ಕಳ್ಳಮಾಲಿನಂತೆ ಸೆರಗಿನಲ್ಲಿ ಮುಚ್ಚಿ ತರಬೇಕಾದ ಸ್ಥಿತಿಗೆ ತಂದಿಟ್ಟ ಯೋಜನೆಯನ್ನು ತಾವು ಯಾವ ಹೆಸರಿನಿಂದ ಕರೆಯುತ್ತೀರೋ ಅದು ತಮಗೆ ಬಿಟ್ಟದ್ದು.

ಕರೆಂಟು ಉಳಿಸಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ನಮ್ಮ ಅಡುಗೆಮನೆ, ನಡುಮನೆಯಲ್ಲಿ ನಾಲ್ಕು ವರ್ಷದಿಂದ ಎಲ್‌ಇಡಿಯೇ ಇದೆ, ನಾವೇ ಹಾಕಿಕೊಂಡದ್ದು. ಓದುವುದಕ್ಕೆ ಯಾವುದು ಬೇಕು, ಹುಳುವಿನ ಕಾವಿಗೆ ಯಾವುದು ಬೇಕು ಎಂದು ಆರಿಸುವಷ್ಟು ಬುದ್ಧಿ ನಮಗಿದೆ. ತಮ್ಮ ಸಿಬ್ಬಂದಿ ನಮ್ಮನ್ನು ಒಂದು ಪ್ರಶ್ನೆ ಕೇಳಿ, ಅದಕ್ಕೆ ಉತ್ತರ ಹೇಳುವಷ್ಟು ಹೊತ್ತು ನಿಂತಿದ್ದರೆ ಸಾಕಿತ್ತು. ನಿಲ್ಲಲು ಅವರಿಗೆ ಪುರಸೊತ್ತಿರಲಿಲ್ಲವೋ, ಇಲ್ಲ ನಿಂತರೆ ಅಂದು ಮುಗಿಸಬೇಕಾದ ಮನೆಗಳ ಸಂಖ್ಯೆ ಕಡಿಮೆಯಾಗುತ್ತಿತ್ತೋ? ತಿಂಗಳಿಗೆ ಇಷ್ಟು ಮನೆ, ಇಷ್ಟು ಫೋಟೋ ಎಂದು ಮೇಲಿನಿಂದ ಯಾರಾದರೂ ಹೇಳಿದ್ದರೇ? ಹೇಳಿದ್ದರೆ ಅವರ ಹುದ್ದೆಯನ್ನಾದರೂ ತಿಳಿಸಿ, ಮುಂದಿನ ಪತ್ರವನ್ನು ಅವರಿಗೆ ಬರೆಯುತ್ತೇನೆ.

ನಾನು ಕೇಳುವುದು ಇಷ್ಟು. ಹದಿನಾಲ್ಕು ಬಲ್ಬುಗಳೂ ಎಲ್ಲೆಲ್ಲಿಗೆ ಹೋದವೆಂದು ಒಂದೊಂದರ ಲೆಕ್ಕ ಬರವಣಿಗೆಯಲ್ಲಿ ಬೇಕು. ನಮೂನೆಯ ಮೇಲೆ ಭಾನುವಾರದ ತಾರೀಕು ಬರೆದವರು ಯಾರೆಂದು ಬೇಕು. ಅತ್ತೆಯವರ ಹೆಬ್ಬೆಟ್ಟಿನ ಆ ಕಾಗದವನ್ನು ರದ್ದು ಮಾಡಬೇಕು. ಹುಳುಮನೆ, ಕೋಳಿಮರಿಯ ಗೂಡು ಮೊದಲಾದ ಕಡೆ ಶಾಖಕ್ಕೆಂದು ಉರಿಸುವ ಬಲ್ಬುಗಳನ್ನು ಮುಟ್ಟಕೂಡದೆಂದು ಲಿಖಿತ ಆದೇಶ ಹೊರಡಿಸಬೇಕು. ಆದೇಶ ಹೊರಡಿಸುವ ಮೊದಲು ತಾವೇ ಒಮ್ಮೆ ನಮ್ಮ ಮನೆಗೆ ಬನ್ನಿ. ಕಾಲು ತೊಳೆಯಲು ನೀರು ಕೊಡುತ್ತೇನೆ. ಅತ್ತೆಯವರ ಎದುರು ಕೂತು, ಎರಡು ಸಂಗತಿಗಳಿಗೆ ಸಂಬಂಧವಿಲ್ಲ ಎಂಬ ಆ ಒಂದೂವರೆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ. ಅವರು ಕೇಳಿಸಿಕೊಂಡು, ತಮ್ಮನ್ನು ಬೇರೆ ಯಾರೋ ಎಂದುಕೊಂಡು, ಬಹುಶಃ ಊಟ ಆಯಿತೇ ಎಂದು ವಿಚಾರಿಸುತ್ತಾರೆ. ಆಗ ಏನು ಉತ್ತರ ಹೇಳಬೇಕೆಂದು ದಾರಿಯಲ್ಲೇ ಯೋಚಿಸಿಕೊಂಡು ಬನ್ನಿ.

ಹೊಸ ಮೊಟ್ಟೆ ತಂದಾಗಿದೆ. ಬರುವ ಸೋಮವಾರ ಬೆಳಗ್ಗೆ ಒಡೆಯುತ್ತವೆ. ಈ ವಾರವೂ ಜಡಿ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ಹನ್ನೊಂದು ಬಲ್ಬಿಗೆ ಕೋಣೆ ಇಪ್ಪತ್ತೈದಕ್ಕೆ ನಿಂತಿದೆ. ಇನ್ನೆರಡು ಡಿಗ್ರಿ ಬೇಕು.

ಇಂತಿ,
ಒಂದು ಕಣ್ಣನ್ನು ಥರ್ಮಾಮೀಟರಿನ ಮೇಲೂ ಇನ್ನೊಂದನ್ನು ಜೀಪು ಬರುವ ರಸ್ತೆಯ ಮೇಲೂ ಇಟ್ಟುಕೊಂಡು ಬದುಕುವುದನ್ನು ಕಲಿಯುತ್ತಿರುವ,
ಮುನಿಲಕ್ಷ್ಮಿ
ಜವಳಗಿರಿ ಪಕ್ಕದ ಹಳ್ಳಿಯಿಂದ